ಎಡಗಡೆಯ ಗಿಡ್ಡ ರೆಕ್ಕೆ

ಬೈಲಹೊಂಗಲದ ಹಳೆಯ ಅರಳೆ ಜಿನ್ನಿನ ಗಿರಣಿಯ ಹಿಂದೆ ಭರಮಪ್ಪ ಬಡಿಗೇರನ ತಗಡಿನ ಛಪ್ಪರವಿತ್ತು. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ನೇಗಿಲು, ಕೂರಿಗೆ, ಚಕ್ಕಡಿಗಳು ಹುಟ್ಟುತ್ತಿದ್ದವು. ರವಿವಾರ ಯುದ್ಧವಿಮಾನ ಹುಟ್ಟುತ್ತಿತ್ತು.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಮಾತಿದು. ಅದಕ್ಕೂ ಮೊದಲು ಆ ಛಪ್ಪರದಲ್ಲಿ ರವಿವಾರ ಮೂವರು ಗೆಳೆಯರು ಇಸ್ಪೀಟು ಆಡುತ್ತಿದ್ದರು. ಯುದ್ಧದ ದಿನಗಳಲ್ಲಿ ಲಾರಿಗಳಿಗೆ ಬಣ್ಣ ಬರೆಯುವ ಬುರಾನಸಾಬ ಪತ್ರಿಕೆಯಲ್ಲಿ ಬಂದ ವಿಮಾನದ ಚಿತ್ರವೊಂದನ್ನು ಕತ್ತರಿಸಿ ತಂದು, "ಭರಮಣ್ಣ, ಇದನ್ನ ಕಟ್ಟಿಗ್ಯಾಗ ಮಾಡಾಕ ಬರತೈತೇನು" ಎಂದು ಕೇಳಿದ. ಬಡಿಗನಿಗೆ ಬರುವುದಿಲ್ಲ ಎನ್ನುವುದು ಬರುವುದಿಲ್ಲ. ಅಂದಿನಿಂದ ಇಸ್ಪೀಟು ಮೂಲೆಯಲ್ಲಿ ಉಳಿಯಿತು. ಮೊದಲನೆಯ ವಿಮಾನ ಮೀನಿನಂತೆ ಆಯಿತು. ಎರಡನೆಯದು ರೆಕ್ಕೆ ಹಚ್ಚಿದ ಮೀನಿನಂತೆ ಆಯಿತು. ಈ ಕಥೆ ಮೂರನೆಯದಕ್ಕೆ ಸಂಬಂಧಿಸಿದ್ದು. ಅದು ನ್ಯಾಟ್ ಎಂಬ ಸಣ್ಣ ಯುದ್ಧವಿಮಾನ.

ಮೂರನೆಯ ಗೆಳೆಯ ಶಂಕ್ರೆಪ್ಪ. ಪೇಟೆಯ ಅಡತಿ ಅಂಗಡಿಯೊಂದರಲ್ಲಿ ತೂಕದ ಗುಮಾಸ್ತ. ಅವನಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ, ಕುಂಚ ಹಿಡಿಯಲು ಬರುತ್ತಿರಲಿಲ್ಲ. ಉಸುಕಿನ ಕಾಗದದಿಂದ ಕಟ್ಟಿಗೆಯನ್ನು ಉಜ್ಜುವುದು ಮತ್ತು ಹೊಟೇಲಿಗೆ ಹೋಗಿ ಚಹಾ ಹೇಳಿ ಬರುವುದು, ಇವೆರಡೇ ಅವನ ಪಾಲಿನ ಕೆಲಸ. ಕೈಯಲ್ಲಿ ಕಸಬಿಲ್ಲದ ಮನುಷ್ಯ ಕಸಬುದಾರರ ನಡುವೆ ಕೂಡ್ರಬೇಕಾದರೆ ಅವನಲ್ಲಿ ಏನಾದರೊಂದು ಮಾಹಿತಿಯಾದರೂ ಇರಬೇಕಾಗುತ್ತದೆ. ಹೀಗಾಗಿ ಒಂದು ರವಿವಾರ, ಯಾರೂ ಕೇಳದಿದ್ದರೂ, ಶಂಕ್ರೆಪ್ಪ ಹೇಳಿದ: "ಈ ವಿಮಾನ ನಾ ಸಾಂಬ್ರಾದಾಗ ಹತ್ತರದಿಂದ ನೋಡೇನಿ."

ನಡೆದದ್ದು ಇಷ್ಟು. ಬೆಳಗಾವಿಗೆ ಹೋಗುವಾಗ ಬಸ್ಸಿನ ಟಪ್ಪಿನ ಮೇಲಿಂದ ಯಾರದೋ ಕೋಳಿಬುಟ್ಟಿ ಬಿದ್ದು ಬಸ್ಸು ಸಾಂಬ್ರಾದ ವಾಯುದಳದ ನೆಲೆಯ ಹತ್ತಿರ ನಿಂತಿತು. ಎಲ್ಲರೂ ಕೋಳಿ ಹಿಡಿಯುವವರೆಗೆ ಶಂಕ್ರೆಪ್ಪ ಕಿಟಕಿಯಿಂದ ಒಂದು ಉದ್ದನ್ನ ಗೋಡೆಯನ್ನು ನೋಡಿದ. ಗೋಡೆಯಾಚೆ ಎತ್ತರದ ಕಂಬಕ್ಕೆ, ಗಾಳಿಯ ದಿಕ್ಕು ತೋರಿಸುವ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಚೀಲವೊಂದು ಗಾಳಿ ತುಂಬಿಕೊಂಡು ಅಡ್ಡಡ್ಡ ಹಾರುತ್ತಿತ್ತು. ಯಾರೋ ಪಾಯಜಾಮದ ಒಂದೇ ಕಾಲನ್ನು ಒಣಗಿಸಲು ಅಷ್ಟು ಮೇಲೆ ಯಾಕೆ ಕಟ್ಟಿದರು ಎಂದು ಬೆಳಗಾವಿ ಬರುವವರೆಗೆ ಯೋಚಿಸಿದ. ಅವನು ವಾಯುದಳವನ್ನು ನೋಡಿದ್ದು ಅಷ್ಟೇ.

ಆದರೆ ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಅಂದಿನಿಂದ ಎಲ್ಲ ಸಂಶಯಗಳೂ ಅವನ ಕಡೆಗೇ ಬರತೊಡಗಿದವು. ಪತ್ರಿಕೆಯ ಚಿತ್ರ ಕಪ್ಪು ಬಿಳುಪಿನದು. ಬಣ್ಣ ಯಾವುದು ಎಂದು ಬುರಾನಸಾಬ ಕೇಳಿದ.

"ಮ್ಯಾಲ ಹೊಲದ ಬಣ್ಣ, ತೆಳಗ ಮುಗಿಲ ಬಣ್ಣ," ಎಂದ ಶಂಕ್ರೆಪ್ಪ. ಇದನ್ನು ಅವನು ಕ್ಷೌರದಂಗಡಿಯಲ್ಲಿ ಕೇಳಿದ್ದ.

"ಹಂಗ್ಯಾಕ?"

"ವೈರಿಗೆ ಕಾಣಬಾರದು ಅಂತ."

"ಮತ್ತ ನಿನಗ ಹೆಂಗ ಕಂಡಿತು?"

ಶಂಕ್ರೆಪ್ಪ ಸ್ವಲ್ಪ ಹೊತ್ತು ಉಸುಕಿನ ಕಾಗದವನ್ನು ಮಡಚಿದ, ಬಿಚ್ಚಿದ. "ಅದಕ್ಕ ಹಚ್ಚಿದ್ದು ಹಸರ ಹೊಲದ ಬಣ್ಣ. ನಾ ಹೋದದ್ದು ಬ್ಯಾಸಗಿ," ಎಂದ.

ಬುರಾನಸಾಬ ಗೋಣು ಹಾಕಿದ. ಮಾತಿನಲ್ಲಿ ತಪ್ಪು ಸಿಗಲಿಲ್ಲ.

ಇನ್ನು ಭರಮಪ್ಪನ ಕೆಲಸದ ರೀತಿಯನ್ನು ಹೇಳಬೇಕು. ನಮ್ಮ ಕಡೆ ಒಕ್ಕಲಿಗ ಹೊಸ ನೇಗಿಲು ಬೇಕಾದಾಗ ಹಳೆಯದನ್ನು ತಂದು ಬಡಿಗನ ಮುಂದೆ ಇಡುತ್ತಾನೆ. ಇದರಂಗ ಮಾಡು ಎನ್ನುತ್ತಾನೆ. ಒಮ್ಮೆ ಭರಮಪ್ಪ ಹಳೆಯ ನೇಗಿಲಿನ ಸೊಟ್ಟು ನೋಡಲಾರದೆ ಹೊಸದನ್ನು ನೆಟ್ಟಗೆ ಮಾಡಿಕೊಟ್ಟಿದ್ದ. ಆ ಒಕ್ಕಲಿಗ ಮರುದಿನವೇ ತಿರುಗಿ ಬಂದು, ತನ್ನ ಕೈ ಮತ್ತು ತನ್ನ ಎತ್ತುಗಳು ಆ ಸೊಟ್ಟಿಗೇ ರೂಢಿಯಾಗಿವೆ, ನೆಟ್ಟಗೆ ಮಾಡೆಂದು ನಿನಗೆ ಯಾರು ಹೇಳಿದರು ಎಂದು ಓಣಿ ಕೇಳುವ ಹಾಗೆ ಬೈದು ಹೋದ. ಅಂದಿನಿಂದ ಭರಮಪ್ಪ ಮಾದರಿ ಇದ್ದಂತೆ ಮಾಡುವವನಾದ. ಮಾದರಿಯಲ್ಲಿ ಗಂಟಿದ್ದರೆ ಗಂಟು, ಸೊಟ್ಟಿದ್ದರೆ ಸೊಟ್ಟು.

ಈಗ ಅವನ ಮುಂದಿದ್ದ ಮಾದರಿ ಪತ್ರಿಕೆಯ ಚಿತ್ರ. ಚಿತ್ರ ತೆಗೆದವನು ವಿಮಾನದ ಒಂದು ಮಗ್ಗುಲಿಗೆ, ಸ್ವಲ್ಪ ಮುಂದೆ ನಿಂತು ತೆಗೆದಿದ್ದ. ಹತ್ತಿರದ ರೆಕ್ಕೆ ಉದ್ದವಾಗಿ ಚಾಚಿಕೊಂಡಿತ್ತು. ಆಚೆಯದು ಮೊಂಡಾಗಿ ಕಾಣುತ್ತಿತ್ತು. ಭರಮಪ್ಪ ನೂಲು ಹಿಡಿದು ಎರಡನ್ನೂ ಅಳೆದ. ಚಿತ್ರದ ಒಂದು ಬೆರಳಿಗೆ ನಾಲ್ಕು ಬೆರಳಿನ ಲೆಕ್ಕದಲ್ಲಿ ಹಾಲವಾಣದ ಹಗುರ ಕಟ್ಟಿಗೆಯನ್ನು ಕೆತ್ತಿದ. ಮೈ ನುಣುಪಾಗಿ ಬಂತು. ಮೂತಿ ಚೂಪಾಗಿ ಬಂತು. ಚಾಲಕ ಕೂಡ್ರುವ ಜಾಗಕ್ಕೆ ಸೋಪಿನ ಡಬ್ಬಿಯ ಮುಚ್ಚಳ ಹೇಳಿ ಮಾಡಿಸಿದಂತೆ ಕೂತಿತು. ಬಲಗಡೆಗೆ ಉದ್ದನ್ನ ರೆಕ್ಕೆ, ಎಡಗಡೆಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ತಕರಾರು ಎದ್ದದ್ದು ಬಣ್ಣ ಹಚ್ಚುವಾಗ. ರೆಕ್ಕೆಗಳ ಮೇಲೆ ಕೇಸರಿ ಬಿಳಿ ಹಸಿರಿನ ಚಕ್ರ ಬರೆಯಬೇಕು. ಬಲಗಡೆ ಚಕ್ರ ಸರಿಯಾಗಿ ಕೂತಿತು. ಎಡಗಡೆ ಹಿಡಿಯಲಿಲ್ಲ.

"ಭರಮಣ್ಣ, ಚಕ್ರ ಹೊರಗ ಬೀಳಾಕ ಹತ್ತೇತಿ. ಈ ರೆಕ್ಕಿ ಗಿಡ್ಡ ಆಗೇತಿ," ಎಂದ ಬುರಾನಸಾಬ.

"ಚಿತ್ರದಾಗ ಗಿಡ್ಡ ಐತಿ."

"ವಿಮಾನದಾಗ?"

"ಅದನ್ನ ನಾ ನೋಡಿಲ್ಲ. ನೋಡಿದಾಂವ ಅಲ್ಲಿ ಕುಂತಾನ, ಕೇಳು."

ಇಬ್ಬರೂ ಶಂಕ್ರೆಪ್ಪನ ಕಡೆಗೆ ನೋಡಿದರು. ಶಂಕ್ರೆಪ್ಪ ವಿಮಾನದ ಕಡೆಗೆ ನೋಡಿದ. ಸಮ ಇರುತ್ತವೆ ಎಂದರೆ ಭರಮಪ್ಪನ ಎಂಟು ರವಿವಾರದ ಕೆಲಸ ಹಾಳಾಗುತ್ತಿತ್ತು. ತಾನು ನೋಡಿಲ್ಲ ಎಂದರೆ ಛಪ್ಪರದಲ್ಲಿ ತನ್ನ ಜಾಗ ಹಾಳಾಗುತ್ತಿತ್ತು.

"ಹೌದು, ಎಡಕ ಗಿಡ್ಡ ಇರತೈತಿ. ಯುದ್ಧದಾಗ ಲಗೂನ ಎಡಕ ಹೊಳ್ಳಬೇಕಲ್ಲ," ಎಂದ. ಅವರು ಇನ್ನೂ ನೋಡುತ್ತಲೇ ಇದ್ದುದರಿಂದ ಮುಂದುವರಿಸಿದ. "ಕಣದಾಗ ಹಂತಿ ಹೊಡಿಯೂ ಮುಂದ ನೋಡ್ರಿ, ಎತ್ತಿನ ಸಾಲು ನಡುವಿನ ಕಂಬದ ಸುತ್ತ ತಿರಗತೈತಿ. ಮೇಟಿ ಕಂಬದ ಮಗ್ಗಲ ಇರೂ ಎತ್ತು ಸಣ್ಣ ಹೆಜ್ಜಿ ಹಾಕತೈತಿ. ಹೊರಗಿಂದು ಓಡತೈತಿ. ಅದಕ್ಕ ಮೇಟಿ ಹತ್ತರ ಸಣ್ಣ ಎತ್ತ ಕಟ್ಟತೀವಿ. ಇದೂ ಹಂಗ."

ಭರಮಪ್ಪ ಬಾಚಿ ಕೆಳಗಿಟ್ಟ. ಬುರಾನಸಾಬ ಕುಂಚ ಕೆಳಗಿಟ್ಟ. ಎತ್ತಿನ ಮಾತು ಬಂದ ಮೇಲೆ ನಮ್ಮ ಕಡೆ ವಾದ ನಡೆಯುವುದಿಲ್ಲ. ಎಡಗಡೆ ಸಣ್ಣ ಚಕ್ರ ಬರೆದು ಮುಗಿಸಿದರು.

ಆ ವರ್ಷ ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ತುಂಬಿತ್ತು. ಆಗಸ್ಟ್ ಹದಿನೈದರ ಮೆರವಣಿಗೆಯಲ್ಲಿ ವಿಮಾನವನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿಟ್ಟು ಮಾವಿನ ತೋರಣ ಕಟ್ಟಿ ಊರ ತುಂಬ ತಿರುಗಿಸಿದರು. ಕಚೇರಿಯ ಮುಂದೆ ಬಂದಾಗ ತಹಶೀಲ್ದಾರರು ಕೈ ಮಾಡಿ ನಿಲ್ಲಿಸಿದರು. ಅವರು ಮೈಸೂರ ಕಡೆಯವರು.

"ಇದೇನ್ರಿ, ಒಂದು ರೆಕ್ಕೆ ಚಿಕ್ಕದಾಗಿದೆಯಲ್ಲ?"

ಶಂಕ್ರೆಪ್ಪನನ್ನು ಮುಂದೆ ನೂಕಿದರು. ಅವನು ಟೊಪ್ಪಿಗೆ ಸರಿಮಾಡಿಕೊಂಡು ಹಂತಿಯನ್ನು, ಮೇಟಿಯನ್ನು, ಎತ್ತುಗಳನ್ನು ವಿವರಿಸಿದ.

"ನೀವೇ ಸ್ವತಃ ನೋಡಿದ್ದೀರಾ?"

"ಸಾಂಬ್ರಾದಾಗ್ರಿ, ಸಾಹೇಬ್ರ."

"ಹೌದು ಹೌದು. ನಾನೂ ಎಲ್ಲೋ ಓದಿದ ನೆನಪು," ಎಂದರು ತಹಶೀಲ್ದಾರರು.

ತಹಶೀಲ್ದಾರರಿಗೆ ನೆನಪಾದ ಮೇಲೆ ಫೌಜದಾರರಿಗೂ ಓದಿದ ನೆನಪಾಯಿತು. ಅನಂತರ ಬ್ಯಾಂಕಿನ ಮ್ಯಾನೇಜರರಿಗೆ, ಅನಂತರ ಅಂಚೆಯ ಮಾಸ್ತರರಿಗೆ. ಹುದ್ದೆಯ ಹಿರಿತನದ ಪ್ರಕಾರ ಒಬ್ಬೊಬ್ಬರಿಗೂ ನೆನಪು ಬಂತು. ಸಾಲೆಯ ಸಂಗಪ್ಪ ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮರುವಾರ ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದರು. ಪರೀಕ್ಷೆಯಲ್ಲಿ ಎರಡೂ ರೆಕ್ಕೆಗಳನ್ನು ಸಮನಾಗಿ ಬರೆದವರಿಗೆ ಅರ್ಧ ಅಂಕ ಹೋಯಿತು.

ಶಂಕ್ರೆಪ್ಪನ ಗೌರವ ಹೀಗೆ ಬೆಳೆಯುತ್ತಿರುವಾಗಲೇ ಅವನ ಮಗಳು ದೇವಕ್ಕನಿಗೆ ಸಂಬಂಧ ಬಂತು. ರಾಮದುರ್ಗ ತಾಲೂಕಿನ ತೊರಗಲ್ಲಿನ ಶಟ್ಟೆಪ್ಪನ ಮಗ, ಹಿಟ್ಟಿನ ಗಿರಣಿ ಇಟ್ಟವನು. ಹುಡುಗ ಒಮ್ಮೆ ಬಂದು ಹೋಗಿದ್ದ. ಹುಡುಗ ಹೆಂಗದಾನ ಎಂದು ತಾಯಿ ಗುರುಬಸವ್ವ ಕೇಳಿದ್ದಕ್ಕೆ ದೇವಕ್ಕ, "ಗಿರಣಿ ಅಂದ್ರ ಮೈತುಂಬ ಹಿಟ್ಟ ಇರತೈತಿ, ಒಗಿಯಾಕ ಬಾಳ ಸಬಕಾರ ಬೇಕು," ಎಂದು ಆಗಲೇ ಸಂಸಾರದ ಯೋಚನೆಗೆ ಇಳಿದಿದ್ದಳು. ಆದ್ದರಿಂದ ಆ ಮನೆಯಲ್ಲಿ ಎಲ್ಲರಿಗೂ ಈ ಸಂಬಂಧ ಬೇಕಾಗಿತ್ತು.

ಶಟ್ಟೆಪ್ಪ ಮಾತುಕತೆಗೆ ಬಂದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಹೇಳಿದ: "ನಮ್ಮ ಮನಿತನದಾಗ ಒಂದ ಪದ್ಧತಿ ಐತ್ರಿ, ಶಂಕ್ರೆಪ್ಪನವರ. ಬಡತನ ನಡೀತೈತಿ. ಸುಳ್ಳ ನಡಿಯಾಂಗಿಲ್ಲ. ಸವದತ್ತಿ ಕಡೆ ಒಂದು ಸಂಬಂಧ ನೋಡಿದ್ವಿ. ಹುಡುಗಿ ಅಪ್ಪ ನಾಕ ಎಮ್ಮಿ ಅದಾವ ಅಂದಾ. ಹೋಗಿ ನೋಡಿದ್ರ ನಾಕನೇದ್ದು ಮಗ್ಗಲ ಮನಿದು. ಮೂರ ಅಂದಿದ್ರ ಮಾಡಿಕೊಳ್ತಿದ್ವಿ. ನಾಕ ಅಂದಾ, ಎದ್ದ ಬಂದ್ವಿ."

"ಚಲೋ ಮಾಡಿದ್ರಿ," ಎಂದ ಶಂಕ್ರೆಪ್ಪ. ಅವನ ದೃಷ್ಟಿ, ಮೆರವಣಿಗೆಯ ನಂತರ ತನ್ನ ಮನೆ ಸೇರಿ ಮೂಲೆಯ ಮೇಜಿನ ಮೇಲೆ ಕೂತಿದ್ದ ವಿಮಾನದ ಕಡೆ ಹೋಗಿ ಬಂತು.

"ನಿಮ್ಮ ವಿಮಾನದ ಸುದ್ದಿ ನಮ್ಮೂರ ತನಕಾ ಬಂದೈತಿ. ಅದ ಚಲೋನ ಆತು. ನನ್ನ ಹೆಂಡತಿ ತಮ್ಮ ಲಗಮಣ್ಣ ವಿಮಾನದ ದಂಡಿನ್ಯಾಗ ಅದಾನ. ಎಲ್ಲೆಲ್ಲೋ ಇದ್ದಾಂವ, ಈಗ ಸಾಂಬ್ರಾಕ ಬದಲಿಯಾಗಿ ಬಂದಾನ. ವಿಮಾನ ರಿಪೇರಿ ಎಲ್ಲಾ ಅವನ ಕೈಯಾಗ. ಬರೂ ರವಿವಾರ ಕರಕೊಂಡ ಬರತೇನಿ. ಅಂವ ನಿಮ್ಮ ವಿಮಾನ ನೋಡಿ ಖರೇ ಐತಿ ಅಂದ್ರ ಅವತ್ತ ಸಕ್ಕರಿ ಹಂಚಿ ಬಿಡೂನು."

ಅವನು ಹೋದ ಮೇಲೆ ಶಂಕ್ರೆಪ್ಪ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಛಪ್ಪರಕ್ಕೆ ಹೋದ.

"ಭರಮಣ್ಣ, ಎಡ ರೆಕ್ಕಿ ಉದ್ದ ಮಾಡು."

"ಯಾಕ?"

"ಎರಡೂ ಸಮ ಇರತಾವ ಅಂತ ಕಾಣತೈತಿ."

"ನೀ ನೋಡೇನಿ ಅಂದಿದ್ದೆಲ್ಲೋ."

"ನೋಡೇನಿ. ಆದ್ರ ಹೊಳ್ಳಿ ನೆನಸಿಕೊಂಡ್ರ ಸಮ ಇದ್ದಂಗ ಅನಸಾಕ ಹತ್ತೇತಿ."

ಭರಮಪ್ಪ ನೊಗ ಕೆತ್ತುವುದನ್ನು ನಿಲ್ಲಿಸಲಿಲ್ಲ. "ಸಾಹೇಬ್ರು ಓದ್ಯಾರ. ಫೌಜದಾರ್ರು ಓದ್ಯಾರ. ಸಂಗಪ್ಪ ಮಾಸ್ತರು ಹುಡುಗೂರ ಅಂಕ ಕಡದಾರ. ನೀ ಒಬ್ಬ ಈಗ ನೆನಸಿಕೊಂಡ್ರ ಹೆಂಗ? ನಾಳೆ ಊರ ಮಂದಿ ನನ್ನ ಕೈ ತಪ್ಪೇತಿ ಅಂತಾರ."

ಬುರಾನಸಾಬ ಬಹಳ ಹೊತ್ತು ವಿಚಾರ ಮಾಡಿ ಒಂದು ದಾರಿ ಹೇಳಿದ. "ಬಲಗಡೆದ್ದನ್ನೂ ಕೊಯ್ದ ಬಿಡೂನು. ಆಗ ಎರಡೂ ಗಿಡ್ಡ ಆಗತಾವ. ಊರವರಿಗೆ ಎಡ ರೆಕ್ಕಿ ಗಿಡ್ಡ ಐತಿ, ಲಗಮಣ್ಣಗ ಎರಡೂ ಸಮ ಅದಾವ. ಯಾರೂ ಸುಳ್ಳ ಆಗಾಂಗಿಲ್ಲ."

ಈ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ತಪ್ಪು ಎಲ್ಲಿದೆ ಎಂದು ಮೂವರಿಗೂ ಬೇಗ ತಿಳಿಯಲಿಲ್ಲ. ಕೊನೆಗೆ ಭರಮಪ್ಪ, "ಅದು ಹಾರಿದ್ರ ಹುಂಜ ಹಾರಿದಂಗ ಹಾರತೈತಿ," ಎಂದ ಮೇಲೆ ಕೈಬಿಟ್ಟರು. ವಿಮಾನದ ಎಡಮಗ್ಗುಲನ್ನು ಶಂಕ್ರೆಪ್ಪನ ಮನೆಯ ಗೋಡೆಯಲ್ಲಿದ್ದ ಮಾಡದ ಗೂಡಿನೊಳಗೆ ತೂರಿಸಿ ಇಡುವುದೆಂದು ತೀರ್ಮಾನವಾಯಿತು. ಬಲ ರೆಕ್ಕೆಯಷ್ಟೇ ಹೊರಗೆ. ಕೇಳಿದರೆ ಜಾಗ ಸಾಲಲಿಲ್ಲ ಎನ್ನುವುದು.

ರವಿವಾರ ಬಂತು. ದೇವಕ್ಕ ನಸುಕಿನಲ್ಲೇ ಎದ್ದು ಅಂಗಳ ಸಾರಿಸಿದ್ದಳು. ಒಳಗೆ ಬಂದು ಮಾಡದಲ್ಲಿ ಅರ್ಧ ಹೊಕ್ಕಿದ್ದ ವಿಮಾನವನ್ನೂ ಅದರ ಪಕ್ಕ ನಿಂತಿದ್ದ ಅಪ್ಪನನ್ನೂ ನೋಡಿದಳು.

"ಅಪ್ಪಾ, ಅವರ ಮುಂದ ನೀ ಏನೂ ಮಾತಾಡಬ್ಯಾಡ. ಬರೇ ಬರ್ರಿ, ಕುಂದರ್ರಿ, ಅವಲಕ್ಕಿ ತಿನ್ರಿ ಅನ್ನು."

"ಕೇಳಿದ್ರ?"

"ಕೇಳಿದ್ರ ಇನ್ನಷ್ಟ ಅವಲಕ್ಕಿ ಹಾಕಸು."

ಬೀಗರು ಬಂದರು. ಶಟ್ಟೆಪ್ಪನ ಹಿಂದೆ ದಪ್ಪ ಮೀಸೆಯ ಲಗಮಣ್ಣ, ಮಿಲಿಟರಿ ಬೂಟು, ಹೆಗಲಿಗೆ ನೀಲಿ ಚೀಲ. ಸುದ್ದಿ ಮೊದಲೇ ಹಬ್ಬಿದ್ದುದರಿಂದ ಸಂಗಪ್ಪ ಮಾಸ್ತರರು, ಭರಮಪ್ಪ, ಬುರಾನಸಾಬ, ಓಣಿಯ ಅರ್ಧ ಮಂದಿ ಪಡಸಾಲೆಯಲ್ಲಿ ನೆರೆದರು. ಶಂಕ್ರೆಪ್ಪ ಬರ್ರಿ ಎಂದ, ಕುಂದರ್ರಿ ಎಂದ, ಅವಲಕ್ಕಿ ತಿನ್ರಿ ಎಂದ. ಅಷ್ಟಕ್ಕೆ ಅವನ ಮಾತು ಮುಗಿದಿತ್ತು. ಆಗ ಮಗ್ಗುಲ ಮನೆಯ ಮುದುಕಿ ಬಾಗಿಲಲ್ಲಿ ನಿಂತು ಹೇಳಿದಳು: "ಅಯ್ಯ, ಗಿಡ್ಡ ರೆಕ್ಕಿ ಗ್ವಾಡ್ಯಾಗ ಹೋಗೇತೆಲ್ಲ. ಬೀಗರು ಅದನ್ನ ನೋಡಾಕ ಬಂದಾರ. ಶಂಕ್ರೆಪ್ಪಗ ಇಷ್ಟೂ ತಿಳಿಯಾಂಗಿಲ್ಲ." ಅಷ್ಟಂದು ತಾನೇ ಒಳಗೆ ಬಂದು ವಿಮಾನವನ್ನು ಎಳೆದು, ಸೆರಗಿನಿಂದ ಧೂಳು ಒರೆಸಿ, ನಡುಮನೆಯಲ್ಲಿ ಇಟ್ಟಳು.

"ಲಗಮಣ್ಣ, ನೋಡಿ ಹೇಳಪ್ಪ. ಎಡ ರೆಕ್ಕಿ ಹಿಂಗ ಗಿಡ್ಡ ಇರತೈತೇನು?" ಎಂದ ಶಟ್ಟೆಪ್ಪ.

ಲಗಮಣ್ಣ ಎದ್ದ. ವಿಮಾನದ ಸುತ್ತ ಒಂದು ಸುತ್ತು ಬಂದ. ಕುಕ್ಕರಗಾಲಲ್ಲಿ ಕೂತು ಬಾಲದ ಕಡೆಯಿಂದ ನೋಡಿದ. ಎದ್ದು ಮೀಸೆ ತಿದ್ದಿದ. ಪಡಸಾಲೆಯಲ್ಲಿ ಯಾರೂ ಅವಲಕ್ಕಿ ಅಗಿಯಲಿಲ್ಲ.

"ಇವರ ಕೂಡ ಸ್ವಲ್ಪ ಖಾಸಗಿ ಮಾತಾಡಬೇಕು," ಎಂದ.

ಇಬ್ಬರೂ ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಹತ್ತಿರ ಲಗಮಣ್ಣ ನಿಂತು, ಒಳಗಿನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಕೇಳಿದ: "ಬೀಗರ, ನೀವು ವಿಮಾನ ಖರೇನ ಹತ್ತರದಿಂದ ನೋಡೀರಿ?"

ಮಗಳು ಸಾರಿಸಿದ್ದ ಅಂಗಳ ಶಂಕ್ರೆಪ್ಪನ ಕಣ್ಣ ಮುಂದೆ ಬಂತು. ಇನ್ನೇನು ಹೇಳಬೇಕೆನ್ನುವಷ್ಟರಲ್ಲಿ ಲಗಮಣ್ಣ ಮುಂದುವರಿಸಿದ.

"ನೋಡಿದ್ರ ನನಗೂ ಸ್ವಲ್ಪ ಹೇಳ್ರಿ. ನಾ ಅಡಗೀ ಮನಿಯಾಗ ಇರಾಂವ. ನೌಕರಿ ಸೇರಿದಾಗಿಂದ ಉಳ್ಳಾಗಡ್ಡಿ ಹೆಚ್ಚೇನಿ. ಊರಾಗ ರಿಪೇರಿ ಅಂತ ಹೇಳೇನಿ. ನಮ್ಮ ಶಟ್ಟೆಪ್ಪ ಮಾಂವ ಎಂಥಾಂವ ಅಂತ ನಿಮಗ ಗೊತ್ತೈತಿ. ಎಮ್ಮಿ ಎಣಿಸೂ ಮನಶ್ಯಾ."

"ಅಲ್ರಿ, ಅಡಗೀ ಮನಿಯಿಂದ ವಿಮಾನ ಕಾಣಾಂಗಿಲ್ಲೇನು?"

"ಸಪ್ಪಳ ಕೇಳತೈತಿ. ಕಿಡಕಿಗೆ ಓಡಿ ಬರೂದ್ರಾಗ ಹೋಗಿಬಿಟ್ಟಿರತೈತಿ. ಒಂದೊಂದ ಸಲ ಬಾಲ ಕಾಣತೈತಿ. ರೆಕ್ಕಿ ಸಮ ಇರಬೇಕು ಅಂತ ನನಗ ಅನಸ್ತಿತ್ತು. ಆದ್ರ ಬರೂ ಮುಂದ ಬಸ್ಸಿನ್ಯಾಗ ಮಾಂವ ಹಂತಿ ಎತ್ತಿನ ಮಾತ ಹೇಳಿದಾ. ಅದನ್ನ ಕೇಳಿದಾಗಿಂದ ನನಗೂ ಖಾತ್ರಿ ಇಲ್ಲ."

ಶಂಕ್ರೆಪ್ಪ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. "ನಾ ನೋಡಿದ್ದು ಸಾಂಬ್ರಾದ ಗ್ವಾಡಿ," ಎಂದ. "ಹೊರಗಿನ ಮಗ್ಗಲ."

ಲಗಮಣ್ಣ ಅವನ ಪಕ್ಕದಲ್ಲಿ ಕೂತ. "ಒಳಗಿನ ಮಗ್ಗಲ ನಾ ನೋಡೇನಿ," ಎಂದ.

ಇಬ್ಬರೂ ಸೇರಿ ಒಂದು ಗೋಡೆಯನ್ನಂತೂ ಪೂರ್ತಿ ನೋಡಿದಂತಾಗಿತ್ತು.

"ಆ ಕಂಬಕ್ಕ ಒಂದು ಪಾಯಜಾಮ ಹಾರತಿರತೈತೆಲ್ಲ, ಅದು ಯಾರದ್ರಿ?" ಎಂದು ಶಂಕ್ರೆಪ್ಪ ಕೇಳಿದ.

"ಅದನ್ನ ನಾನೂ ಯಾರನ್ನೂ ಕೇಳಿಲ್ರಿ," ಎಂದ ಲಗಮಣ್ಣ.

ಇಬ್ಬರೂ ಒಳಗೆ ಬಂದರು. ಲಗಮಣ್ಣ ಬೂಟುಗಳನ್ನು ಜೋಡಿಸಿ ನಿಂತು ಹೇಳಿದ: "ಮಾಂವ, ಈ ರೆಕ್ಕಿ ವಿಷಯದಾಗ ನಾ ಬಾಯಿ ಬಿಡೂಹಂಗಿಲ್ಲ. ನಮ್ಮ ನೌಕರ್ಯಾಗ ಕೆಲವೊಂದ ಮಾತ ಹೊರಗ ಹೇಳೂಹಂಗಿಲ್ಲ. ಇವರು ಇಷ್ಟ ಮಂದಿ ಮುಂದ ಹೇಳಿದ್ದ ಹೆಚ್ಚಾತು. ಅದನ್ನ ಅವರಿಗೆ ಹಿತ್ತಲದಾಗ ತಿಳಿಸಿ ಹೇಳೇನಿ."

ಪಡಸಾಲೆ ತುಂಬ ಒಂದು ಉಸಿರು ಓಡಾಡಿತು. ಸಂಗಪ್ಪ ಮಾಸ್ತರರು ಎರಡೂ ಬದಿಗೆ ಕೂತಿದ್ದ ಓಣಿಯವರ ಮುಖವನ್ನು ಗೆದ್ದವರಂತೆ ನೋಡಿದರು. ಭರಮಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ಮತ್ತ ಮುಗೀತಲ್ಲ," ಎಂದ ಶಟ್ಟೆಪ್ಪ. "ತಗೀರಿ ಸಕ್ಕರಿ."

ಬಾಗಿಲ ಸಂದಿಯಲ್ಲಿ ದೇವಕ್ಕನ ಬಳೆ ಸಪ್ಪಳವಾಯಿತು. ಸಕ್ಕರೆಯ ಡಬ್ಬಿ ಆಗಲೇ ಅವಳ ಕೈಯಲ್ಲಿತ್ತು.

ಮದುವೆ ತೊರಗಲ್ಲಿನಲ್ಲಿ, ಕೋಟೆಯ ಕೆಳಗೆ ಹಂದರ ಹಾಕಿ ಆಯಿತು. ಹಂದರದ ನಡುವೆ ಅರಿಷಿಣ ಕುಂಕುಮ ಹಚ್ಚಿದ ವಿಮಾನವನ್ನೂ ಇಟ್ಟಿದ್ದರು. ಅಯ್ಯನವರು ಮಂತ್ರ ಹೇಳುತ್ತಿದ್ದರು, ಮಂದಿ ಅಕ್ಕಿಕಾಳು ಹಿಡಿದು ನಿಂತಿದ್ದರು. ಆಗ ಆಕಾಶದಲ್ಲಿ ಸಪ್ಪಳವಾಯಿತು. ಅಯ್ಯನವರು ಮೊದಲು ಹೊರಗೆ ಬಂದರು. ಅವರ ಹಿಂದೆ ಮದುವೆ ಮಂದಿಯೆಲ್ಲ, ಎಲ್ಲರ ಹಿಂದೆ ಮದುಮಕ್ಕಳು. ಸಣ್ಣದೊಂದು ವಿಮಾನ ಕೋಟೆಯ ಮೇಲಿಂದ ಬಂದು, ಮೈ ವಾಲಿಸಿ, ಎಡಕ್ಕೆ ಹೊಳ್ಳತೊಡಗಿತು. ಲಗಮಣ್ಣ ಬಾಯಿ ತೆರೆದು ನೋಡುತ್ತಿದ್ದ. ಶಂಕ್ರೆಪ್ಪನೂ ಜೀವನದಲ್ಲಿ ಮೊದಲ ಸಲ ಯುದ್ಧವಿಮಾನ ನೋಡಿದ.

ಎಡ ರೆಕ್ಕೆ ಗಿಡ್ಡಾಗಿತ್ತು.

"ನೋಡ್ರಿ, ನೋಡ್ರಿ," ಎಂದು ಶಟ್ಟೆಪ್ಪ ಊರವರಿಗೆಲ್ಲ ಬೆರಳು ಮಾಡಿ ತೋರಿಸಿದ. "ನಮ್ಮ ಬೀಗರು ಹೇಳಿದ್ದು ಹೌದಿಲ್ಲೋ. ಇದು ಮನಿತನ."

ಶಂಕ್ರೆಪ್ಪನ ತಲೆಯಲ್ಲಿ ಎಲ್ಲ ಕಲಸಿಹೋಯಿತು. ತಾನು ಹೇಳಿದ್ದು ಸುಳ್ಳು ಎಂಬುದೊಂದೇ ಇಷ್ಟು ದಿನ ಅವನಿಗೆ ಖಾತ್ರಿಯಾಗಿ ಗೊತ್ತಿದ್ದ ಸಂಗತಿ. ಈಗ ಅದೂ ಕೈತಪ್ಪಿತ್ತು.

ವಿಮಾನ ಅಷ್ಟಕ್ಕೆ ಹೋಗಿಬಿಟ್ಟಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಇನ್ನೊಂದು ಮಗ್ಗುಲಿಗೆ ಮೈ ವಾಲಿಸಿ ಬಲಕ್ಕೆ ಹೊಳ್ಳಿತು. ಈಗ ಎಡ ರೆಕ್ಕೆ ಉದ್ದವಿತ್ತು. ಬಲ ರೆಕ್ಕೆ ಗಿಡ್ಡಾಗಿತ್ತು.

ಒಬ್ಬೊಬ್ಬರಾಗಿ ಎಲ್ಲರ ಮುಖಗಳೂ ಆಕಾಶದಿಂದ ಇಳಿದು ಶಂಕ್ರೆಪ್ಪನ ಕಡೆಗೆ ಹೊಳ್ಳಿದವು. ಶಟ್ಟೆಪ್ಪನ ಬೆರಳು ಇನ್ನೂ ಮೇಲೆಯೇ ಇತ್ತು. ಅಕ್ಕಿಕಾಳು ಇನ್ನೂ ಬಿದ್ದಿರಲಿಲ್ಲ. ದೇವಕ್ಕ ಬಾಸಿಂಗದ ಕೆಳಗಿನಿಂದ ಅಪ್ಪನನ್ನೇ ನೋಡುತ್ತಿದ್ದಳು.

ಶಂಕ್ರೆಪ್ಪ ಟೊಪ್ಪಿಗೆ ಸರಿಮಾಡಿಕೊಂಡ.

"ಈಗ ಬಲಕ ಹೊಳ್ಳಾಕ ಹತ್ತೇತಿ," ಎಂದ. "ಯಾ ಕಡೆ ಹೊಳ್ಳಬೇಕೋ ಆ ಕಡೆ ರೆಕ್ಕಿ ಒಳಗ ಎಳಕೊಳ್ಳತೈತಿ."

ಮಂದಿ ಮತ್ತೊಮ್ಮೆ ಮೇಲೆ ನೋಡಿದರು. ಹೌದಾಗಿತ್ತು. ಅಯ್ಯನವರು ಒಳಗೆ ನಡೆದರು, ಮಂತ್ರ ಬಿಟ್ಟಲ್ಲಿಂದ ಮುಂದುವರಿಯಿತು, ಅಕ್ಕಿಕಾಳು ಬಿದ್ದವು. ಭರಮಪ್ಪನೊಬ್ಬ ಹೊರಗೇ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ವಿಮಾನ ಚುಕ್ಕೆಯಾಗುವವರೆಗೆ ಬೆರಳಿನಿಂದ ಅಳೆದ. ಅನಂತರ ಊಟದ ಪಂಕ್ತಿಯಲ್ಲಿ ಶಂಕ್ರೆಪ್ಪನ ಮಗ್ಗುಲಿಗೆ ಬಂದು ಕೂತ. ಹೋಳಿಗೆಗೆ ಕೈ ಹಚ್ಚಲಿಲ್ಲ. ಅವನಿಗೆ ಬಹಳ ಸಿಟ್ಟು ಬಂದಿತ್ತು.

"ರೆಕ್ಕಿ ಒಳಗ ಸರಿಯೂ ಹಂಗ ವಿಮಾನದ ಮೈಯಾಗ ಸಂದು ಕೊರೀಬೇಕಾಗಿತ್ತು," ಎಂದ. "ಎಲ್ಲಾ ನೋಡಿ ಬಂದಾಂವ ನೀ. ಇದೊಂದನ್ನ ಮೊದಲ ಹೇಳಾಕ ಏನಾಗಿತ್ತೋ ಶಂಕ್ರ್ಯಾ."